ಮತ್ತೆ ಮತ್ತೆ ಬರುವ ನೀಲಿ ಪರದೆ: ಡೆಸ್ಕ್‌ಟಾಪ್ ಏಕೆ ನಿಂತುಹೋಗುತ್ತದೆ, ಕಾರಣ ಹುಡುಕುವುದು ಹೇಗೆ

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವರ್ಷಗಳಿಂದ ತೊಂದರೆಯಿಲ್ಲದೆ ಓಡುತ್ತಿದ್ದ ಡೆಸ್ಕ್‌ಟಾಪನ್ನು ವಿಂಡೋಸ್ 11ಕ್ಕೆ ಏರಿಸಿಕೊಂಡ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ಎದ್ದಿದೆ. ಕೆಲಸದ ನಡುವೆ ಇದ್ದಕ್ಕಿದ್ದಂತೆ ಪರದೆ ತುಂಬ ನೀಲಿ ಬಣ್ಣ ಆವರಿಸಿ, ಅರ್ಥವಾಗದ ಇಂಗ್ಲಿಷ್ ಸಾಲೊಂದು ಕ್ಷಣಕಾಲ ಕಾಣಿಸಿ, ಯಂತ್ರ ತಾನಾಗಿ ಮರುಪ್ರಾರಂಭವಾಗುವುದು ಏಕೆ? 2025ರ ಅಪ್‌ಡೇಟ್ ಪಡೆದ ವಿಂಡೋಸ್ 11ರಲ್ಲಿ ಈ ಪರದೆ ಕಪ್ಪು ಬಣ್ಣಕ್ಕೆ ತಿರುಗಿದೆ, 2012ರ ವಿಂಡೋಸ್ 8ರಿಂದ ಬಂದಿದ್ದ ಬೇಸರದ ಮುಖದ ಚಿಹ್ನೆಯೂ ಹೋಗಿದೆ. ಬಣ್ಣ ಯಾವುದಾದರೂ ಒಳಗೆ ನಡೆಯುವ ಸಂಗತಿ ಬದಲಾಗಿಲ್ಲವಾದ್ದರಿಂದ ಇಲ್ಲಿ ಎಲ್ಲರಿಗೂ ಪರಿಚಿತವಾದ ನೀಲಿ ಪರದೆ ಎಂಬ ಹೆಸರನ್ನೇ ಬಳಸಲಾಗಿದೆ.

ವರ್ಷಕ್ಕೊಮ್ಮೆ ಬಂದು ಹೋಗುವ ನೀಲಿ ಪರದೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ವಾರದಲ್ಲಿ ಎರಡು ಮೂರು ಸಲ ಬರತೊಡಗಿದರೆ ಅದರ ಹಿಂದೆ ನಿರ್ದಿಷ್ಟ ಕಾರಣ ಇದ್ದೇ ಇರುತ್ತದೆ, ತಾಳ್ಮೆಯಿಂದ ಹುಡುಕಿದರೆ ಬಹುಪಾಲು ಸಂದರ್ಭಗಳಲ್ಲಿ ಅದು ಸಿಗುತ್ತದೆ. ಆದರೆ ನಮ್ಮಲ್ಲಿ ರೂಢಿಯಾಗಿರುವ ಮೊದಲ ಪರಿಹಾರ ‘ಒಮ್ಮೆ ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬುದು. ಫಾರ್ಮ್ಯಾಟ್ ಮಾಡಿಸಿ, ಎಲ್ಲ ತಂತ್ರಾಂಶಗಳನ್ನೂ ಮತ್ತೆ ಹಾಕಿಸಿಕೊಂಡು, ಮರುವಾರವೇ ಅದೇ ಪರದೆ ನೋಡಬೇಕಾಗಿ ಬರುವುದು ಅಪರೂಪವಲ್ಲ, ಏಕೆಂದರೆ ದೋಷ ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲೋ ವಿದ್ಯುತ್ ಪೂರೈಕೆಯಲ್ಲೋ ಇದ್ದರೆ ವಿಂಡೋಸನ್ನು ಹೊಸದಾಗಿ ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹೀಗೆ ನಿಲ್ಲುವಾಗ ಯಂತ್ರ ಸಾಮಾನ್ಯವಾಗಿ ಕಾರಣವನ್ನು ಬರೆದಿಟ್ಟೇ ನಿಲ್ಲುತ್ತದೆ. ಆ ಬರಹವನ್ನು ಓದದೆ ಫಾರ್ಮ್ಯಾಟ್ ಮಾಡಿದರೆ ಇದ್ದ ಒಂದು ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಪರದೆ ನೀಲಿಯಾಗುವಾಗ ಒಳಗೆ ನಡೆಯುವುದೇನು

ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶಗಳಿಗೆಲ್ಲ ಒಂದೇ ಬಗೆಯ ಅಧಿಕಾರ ಇರುವುದಿಲ್ಲ. ಬ್ರೌಸರ್, ನುಡಿ, ಟ್ಯಾಲಿ, ಗೇಮ್‌ಗಳು ಇವೆಲ್ಲ ‘ಯೂಸರ್ ಮೋಡ್’ ಎಂಬ ಸೀಮಿತ ವಲಯದಲ್ಲಿ ಓಡುತ್ತವೆ. ಇವುಗಳಲ್ಲಿ ಒಂದು ತಪ್ಪು ಮಾಡಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದವು ಓಡುತ್ತಲೇ ಇರುತ್ತವೆ. ವಿಂಡೋಸ್‌ನ ತಿರುಳಿಗೆ ‘ಕರ್ನಲ್’ ಎಂದು ಹೆಸರು. ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ, ಪ್ರೊಸೆಸರಿನ ಎಷ್ಟು ಸಮಯ, ಡಿಸ್ಕಿನ ಯಾವ ಭಾಗ ಎಂಬುದನ್ನೆಲ್ಲ ನಿರ್ಧರಿಸುವುದು ಇದೇ. ಗ್ರಾಫಿಕ್ಸ್ ಕಾರ್ಡ್, ವೈಫೈ, ಸೌಂಡ್ ಮುಂತಾದ ಒಂದೊಂದು ಭಾಗದ ಜೊತೆಗೂ ವ್ಯವಹರಿಸಲು ಕರ್ನಲ್‌ಗೆ ನೆರವಾಗುವ ಸಣ್ಣ ತಂತ್ರಾಂಶವೇ ‘ಡ್ರೈವರ್’. ಇಂಥ ಡ್ರೈವರ್‌ಗಳಲ್ಲಿ ಹೆಚ್ಚಿನವು ಕರ್ನಲ್‌ನ ವಲಯದಲ್ಲೇ, ಕರ್ನಲ್‌ನಷ್ಟೇ ಅಧಿಕಾರ ಹೊಂದಿ ಓಡುತ್ತವೆ.

ಈ ವಲಯದಲ್ಲಿ ತಪ್ಪಾದರೆ ತಡೆಯುವವರು ಯಾರೂ ಇಲ್ಲ. ಒಂದು ಡ್ರೈವರ್ ತನ್ನದಲ್ಲದ ಮೆಮೊರಿಗೆ ಏನನ್ನೋ ಬರೆದರೆ, ಅಥವಾ ರ‍್ಯಾಮ್ ತಾನು ಇಟ್ಟುಕೊಂಡ ಮಾಹಿತಿಯನ್ನು ತಪ್ಪಾಗಿ ಹಿಂದಿರುಗಿಸಿದರೆ, ಆ ಕೆಟ್ಟ ಮಾಹಿತಿ ಮುಂದಿನ ಕ್ಷಣದಲ್ಲಿ ಡಿಸ್ಕಿಗೆ ಹೋಗಿ ನಿಮ್ಮ ಕಡತಗಳನ್ನೇ ಹಾಳುಮಾಡಬಹುದು. ಅದಕ್ಕೇ ಕರ್ನಲ್ ಇಂಥ ಸ್ಥಿತಿಯನ್ನು ಗುರುತಿಸಿದ ಕೂಡಲೇ ಎಲ್ಲವನ್ನೂ ನಿಲ್ಲಿಸುತ್ತದೆ. ಮನೆಯ ವೈರಿಂಗ್‌ನಲ್ಲಿ ಎಲ್ಲೋ ಶಾರ್ಟ್ ಆದಾಗ ಎಂಸಿಬಿ ಕೆಳಗೆ ಬೀಳುವ ಹಾಗೆಯೇ ಇದು: ಬಿದ್ದ ಎಂಸಿಬಿ ದೋಷವಲ್ಲ, ದೋಷದಿಂದ ಮನೆಯನ್ನು ಕಾಯ್ದ ಕ್ರಮ, ಮತ್ತು ಶಾರ್ಟ್ ಎಲ್ಲಾಗಿದೆ ಎಂದು ನೋಡದೆ ಅದನ್ನು ಮೇಲೆತ್ತುತ್ತ ಹೋದರೆ ಅದು ಬೀಳುತ್ತಲೇ ಇರುತ್ತದೆ.

ಒಂದೇ ಒಂದು ಡ್ರೈವರ್ ಎಡವಿದರೆ ಏನಾಗಬಲ್ಲದು ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಫಾಲ್ಕನ್ ತಂತ್ರಾಂಶಕ್ಕೆ ಕಳಿಸಿದ ದೋಷಪೂರಿತ ಅಪ್‌ಡೇಟ್‌ನಿಂದಾಗಿ ಅದರ ಡ್ರೈವರ್ ತನಗೆ ಸೇರದ ಮೆಮೊರಿಯನ್ನು ಓದಲು ಹೋಯಿತು. ಮೈಕ್ರೊಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಂದು ನಿಂತವು. ಅಂದು ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿಯೂ ಕೆಲವು ವಿಮಾನಯಾನ ಸಂಸ್ಥೆಗಳ ಚೆಕ್‌ಇನ್ ವ್ಯವಸ್ಥೆ ಸ್ಥಗಿತಗೊಂಡು, ಸಿಬ್ಬಂದಿ ಕೈಯಾರೆ ಕೆಲಸ ನಡೆಸಬೇಕಾಯಿತು. ಆ ಯಂತ್ರಗಳ ಬಿಡಿಭಾಗಗಳಲ್ಲಿ ಯಾವ ದೋಷವೂ ಇರಲಿಲ್ಲ.

ಹುಡುಕಾಟಕ್ಕೆ ಮೊದಲು ಕಡತಗಳ ರಕ್ಷಣೆ

ಪದೇ ಪದೇ ನಿಂತುಹೋಗುವ ಯಂತ್ರದ ಡಿಸ್ಕನ್ನು ನಂಬಬಾರದು. ಫೋಟೊ, ಲೆಕ್ಕಪತ್ರ, ಮಕ್ಕಳ ಪ್ರಾಜೆಕ್ಟ್ ಏನೇ ಇದ್ದರೂ ಮೊದಲು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ವಿಂಡೋಸ್ 11 ಇರುವ ಅನೇಕ ಯಂತ್ರಗಳಲ್ಲಿ ಕೀ ಇಲ್ಲದೆ ಡಿಸ್ಕನ್ನು ಓದಲಾಗದಂತೆ ಮಾಡುವ ಬಿಟ್‌ಲಾಕರ್ ಗೂಢಲಿಪೀಕರಣ ಬಳಕೆದಾರರ ಗಮನಕ್ಕೆ ಬಾರದೆಯೇ ಚಾಲೂ ಆಗಿರುತ್ತದೆ ಎಂಬುದನ್ನೂ ನೆನಪಿಡಬೇಕು. ಯಂತ್ರವನ್ನು ಚಾಲೂ ಮಾಡುವ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಮಾಡಿದಾಗ ಅಥವಾ ಅದರ ಸೆಟ್ಟಿಂಗ್ ಬದಲಿಸಿದಾಗ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳಬಹುದು, ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ಯಾವುದೂ ಸಿಗುವುದಿಲ್ಲ. ಸಾಮಾನ್ಯವಾಗಿ ಈ ಕೀ ನಿಮ್ಮ ಮೈಕ್ರೊಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡುವುದು ಕ್ಷೇಮ.

ಯಂತ್ರ ಬರೆದಿಟ್ಟ ದಾಖಲೆಯನ್ನು ಓದುವುದು

ನೀಲಿ ಪರದೆಯ ಕೆಳಭಾಗದಲ್ಲಿ ‘ಸ್ಟಾಪ್ ಕೋಡ್’ ಎಂಬ ಸಾಲು ಇರುತ್ತದೆ, ಕೆಲವೊಮ್ಮೆ ಅದರ ಕೆಳಗೆ ವಿಫಲವಾದ ಕಡತದ ಹೆಸರೂ ಇರುತ್ತದೆ. ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಸುಲಭ. ಫೋಟೊ ತೆಗೆಯುವಷ್ಟರಲ್ಲಿ ಯಂತ್ರ ಮರುಪ್ರಾರಂಭವಾಗಿಬಿಡುತ್ತದೆ ಎಂದಾದರೆ, ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ತೆರೆದು, ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಗುರುತನ್ನು ತೆಗೆಯಬೇಕು. ಆಮೇಲೆ ನೀವು ಗುಂಡಿ ಒತ್ತುವವರೆಗೂ ಪರದೆ ಹಾಗೆಯೇ ನಿಂತಿರುತ್ತದೆ.

ಫೋಟೊ ತಪ್ಪಿಹೋಗಿದ್ದರೂ ಚಿಂತೆಯಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ರಿಲಯಬಿಲಿಟಿ ಮಾನಿಟರ್ ಸಿಗುತ್ತದೆ. ಇದರಲ್ಲಿ ದಿನಕ್ಕೊಂದು ಕಂಬಸಾಲು ಇರುತ್ತದೆ. ಯಂತ್ರ ನಿಂತ ದಿನದ ಕೆಳಗೆ ಕೆಂಪು ವೃತ್ತದೊಳಗೆ ಅಡ್ಡಗೀಟಿನ ಗುರುತು, ಡ್ರೈವರ್ ಅಥವಾ ಅಪ್‌ಡೇಟ್ ಸೇರಿದ ದಿನದ ಕೆಳಗೆ ನೀಲಿ ಗುರುತು. ಕೆಂಪು ಗುರುತುಗಳು ಯಾವ ದಿನದಿಂದ ಶುರುವಾದವು, ಅದರ ಹಿಂದಿನ ದಿನ ಏನು ಸೇರಿತ್ತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ನೀಲಿ ಪರದೆಯ ಹುಡುಕಾಟವನ್ನು ಇಲ್ಲಿಂದ ಆರಂಭಿಸುವುದೇ ಸರಿಯಾದ ದಾರಿ, ಆದರೆ ವಿಂಡೋಸ್‌ನಲ್ಲೇ ಇರುವ ಈ ಸಾಧನವನ್ನು ತೆರೆದು ನೋಡುವವರು ಕಡಿಮೆ.

ಇನ್ನೂ ಆಳಕ್ಕೆ ಹೋಗಲು ‘ಈವೆಂಟ್ ವ್ಯೂವರ್’ ಇದೆ. ಅದರ ‘ಸಿಸ್ಟಮ್’ ವಿಭಾಗದಲ್ಲಿ ‘ಕರ್ನಲ್-ಪವರ್’ ಎಂಬ ಮೂಲದ, 41 ಎಂಬ ಸಂಖ್ಯೆಯ ನಮೂದನ್ನು ಹುಡುಕಬೇಕು. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಚಾಲೂ ಆದಾಗಲೆಲ್ಲ ಈ ನಮೂದು ಬೀಳುತ್ತದೆ. ಇದನ್ನು ಕಂಡ ತಕ್ಷಣ ‘ಪವರ್ ಸಮಸ್ಯೆ’ ಎಂದು ತೀರ್ಮಾನಿಸಿ, ಯಂತ್ರಕ್ಕೆ ವಿದ್ಯುತ್ ಒದಗಿಸುವ ಹೊಸ ಎಸ್‌ಎಂಪಿಎಸ್ ಕೊಂಡುಬಿಡುವುದುಂಟು. ಆದರೆ ನೋಡಬೇಕಾದದ್ದು ಅದರ ‘ಡೀಟೇಲ್ಸ್’ ಪುಟದಲ್ಲಿರುವ ‘ಬಗ್‌ಚೆಕ್ ಕೋಡ್’ ಎಂಬ ಅಂಕಿಯನ್ನು. ಆ ಅಂಕಿ ಸೊನ್ನೆಯಲ್ಲದಿದ್ದರೆ ಕರ್ನಲ್ ತಾನೇ ಯಂತ್ರವನ್ನು ನಿಲ್ಲಿಸಿದೆ, ಅಂದರೆ ಅದು ನಿಜವಾದ ನೀಲಿ ಪರದೆ. ಸೊನ್ನೆಯಾಗಿದ್ದು, ಪವರ್ ಬಟನ್ನನ್ನೂ ಯಾರೂ ಒತ್ತಿ ಹಿಡಿದಿರದಿದ್ದರೆ, ಯಂತ್ರ ಏನನ್ನೂ ಬರೆದಿಡಲಾಗದಷ್ಟು ಹಠಾತ್ತಾಗಿ ನಿಂತಿದೆ ಅಥವಾ ಪೂರ್ತಿ ಹೆಪ್ಪುಗಟ್ಟಿದೆ. ಆಗ ವಿದ್ಯುತ್, ಎಸ್‌ಎಂಪಿಎಸ್, ಅತಿಯಾದ ಬಿಸಿ ಇವುಗಳ ಕಡೆಗೆ ತಿರುಗಬೇಕು. ಈ ಒಂದು ಅಂಕಿ ಹುಡುಕಾಟದ ದಾರಿಯನ್ನು ಎರಡಾಗಿ ಸೀಳುತ್ತದೆ, ಆದ್ದರಿಂದ ಇದನ್ನು ನೋಡದೆ ಯಾವ ಭಾಗವನ್ನೂ ಕೊಳ್ಳಬಾರದು.

ನಿಲ್ಲುವ ಕ್ಷಣದಲ್ಲಿ ಮೆಮೊರಿಯಲ್ಲಿ ಏನಿತ್ತು ಎಂಬುದರ ಒಂದು ಅಂಶವನ್ನು ವಿಂಡೋಸ್ ‘ಮಿನಿಡಂಪ್’ ಎಂಬ ಕಡತದಲ್ಲಿ ಉಳಿಸುತ್ತದೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಇದೇ ಹೆಸರಿನ ಫೋಲ್ಡರ್ ಇರುತ್ತದೆ. ಪ್ರತಿ ಕಡತದ ಹೆಸರು ತಿಂಗಳು, ದಿನ, ವರ್ಷ ಎಂಬ ಅಮೆರಿಕನ್ ಕ್ರಮದ ಆರು ಅಂಕಿಗಳಿಂದ ಆರಂಭವಾಗುತ್ತದೆ: 041225 ಎಂದಿದ್ದರೆ ಅದು 2025ರ ಏಪ್ರಿಲ್ 12ರದು. ಮೈಕ್ರೊಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ ವಿನ್‌ಡಿಬಿಜಿ ಎಂಬ ಸಾಧನದಲ್ಲಿ ಈ ಕಡತವನ್ನು ತೆರೆದು ವಿಶ್ಲೇಷಣೆಯ ಆದೇಶ ಕೊಟ್ಟರೆ, ಸಂಶಯಾಸ್ಪದ ಡ್ರೈವರಿನ ಹೆಸರು ಬರುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಎನ್‌ಟಿಒಎಸ್‌ಕೆಆರ್‌ಎನ್‌ಎಲ್ (ntoskrnl) ಎಂಬ ಹೆಸರು ಬಂದರೆ ಅದು ವಿಂಡೋಸ್ ಕರ್ನಲ್‌ನದೇ ಕಡತ. ತಪ್ಪು ಪತ್ತೆಯಾದದ್ದು ಅಲ್ಲಿ ಎಂದಷ್ಟೇ ಅರ್ಥ, ತಪ್ಪು ಮಾಡಿದ್ದು ಬೇರೊಂದು ಡ್ರೈವರ್ ಅಥವಾ ರ‍್ಯಾಮ್ ಆಗಿರುವ ಸಂಭವವೇ ಹೆಚ್ಚು. ಡಿಸ್ಕ್ ಸ್ವಚ್ಛಗೊಳಿಸುವ ತಂತ್ರಾಂಶಗಳು ಈ ಡಂಪ್ ಕಡತಗಳನ್ನು ಕಸವೆಂದು ಅಳಿಸುತ್ತವೆ, ಹಾಗಾಗಿ ಕಾರಣ ಸಿಗುವವರೆಗೆ ಅವುಗಳನ್ನು ಓಡಿಸದಿರುವುದು ಒಳಿತು.

ಕೋಡ್ ಹೇಳುವುದೇನು

ಈವೆಂಟ್ ವ್ಯೂವರ್ 41ರ ನಮೂದಿನಲ್ಲಿ ಕೋಡನ್ನು ನಮ್ಮ ರೂಢಿಯ ದಶಮಾನ ಅಂಕಿಯಲ್ಲಿ ತೋರಿಸುತ್ತದೆ, ನೀಲಿ ಪರದೆ ಹೆಸರಿನಲ್ಲಿ ತೋರಿಸುತ್ತದೆ. 26 ಎಂದರೆ ‘ಮೆಮೊರಿ ಮ್ಯಾನೇಜ್‌ಮೆಂಟ್’, 80 ಎಂದರೆ ಇರಬೇಕಾದ ಮಾಹಿತಿ ಮೆಮೊರಿಯಲ್ಲಿ ಇಲ್ಲದೆ ಹೋದ ‘ಪೇಜ್ ಫಾಲ್ಟ್’. ಇವೆರಡರಲ್ಲೂ ರ‍್ಯಾಮ್ ಮೇಲೆ ಮೊದಲ ಸಂಶಯ. 209 ಎಂದರೆ ಡ್ರೈವರೊಂದು ಮುಟ್ಟಬಾರದ ಸಮಯದಲ್ಲಿ ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದೆ. 278 ಗ್ರಾಫಿಕ್ಸ್‌ಗೆ ಸೇರಿದ್ದು: ಗ್ರಾಫಿಕ್ಸ್ ಕಾರ್ಡ್ ಉತ್ತರ ಕೊಡದೆ 2 ಸೆಕೆಂಡ್ ಕಳೆದರೆ ವಿಂಡೋಸ್ ಅದರ ಡ್ರೈವರನ್ನು ಮರುಪ್ರಾರಂಭಿಸಲು ನೋಡುತ್ತದೆ, ಅದೂ ಆಗದಿದ್ದಾಗ ಈ ಕೋಡ್ ಬರುತ್ತದೆ. 122 ಎಂದರೆ ಡಿಸ್ಕಿನಿಂದ ಓದಬೇಕಾದದ್ದನ್ನು ಓದಲಾಗಲಿಲ್ಲ. 292, ಅಂದರೆ ‘ವಿಯಾ ಅನ್‌ಕರೆಕ್ಟಬಲ್ ಎರರ್’ (WHEA_UNCORRECTABLE_ERROR), ಪ್ರೊಸೆಸರ್ ಮತ್ತಿತರ ಯಂತ್ರಾಂಶವೇ ತನ್ನಲ್ಲಿ ದೋಷವಿದೆ ಎಂದು ವರದಿ ಮಾಡಿದಾಗ ಬರುವಂಥದ್ದು.

ಒಂದೇ ಕೋಡನ್ನು ನೋಡಿ ತೀರ್ಪು ಕೊಡುವುದಕ್ಕಿಂತ ನಾಲ್ಕಾರು ಸಲದ ಕೋಡ್‌ಗಳನ್ನು ಒಟ್ಟಿಗೆ ನೋಡುವುದರಿಂದ ಹೆಚ್ಚು ತಿಳಿಯುತ್ತದೆ. ಪ್ರತಿ ಬಾರಿಯೂ ಅದೇ ಕೋಡ್, ಅದೇ ಡ್ರೈವರಿನ ಹೆಸರು, ಅದೇ ಕೆಲಸ ಮಾಡುವಾಗ ಬರುತ್ತಿದ್ದರೆ ಡ್ರೈವರ್ ಅಥವಾ ಆ ಒಂದು ಭಾಗದ ಕಡೆ ಬೆರಳು ತೋರುತ್ತದೆ. ಇಂದು 26, ನಾಡಿದ್ದು 80, ಮುಂದಿನ ವಾರ ಇನ್ನಾವುದೋ, ಒಮ್ಮೆ ಸುಮ್ಮನೆ ಇದ್ದಾಗ, ಒಮ್ಮೆ ವಿಡಿಯೊ ನೋಡುವಾಗ, ಹೀಗೆ ಹೊತ್ತುಗೊತ್ತಿಲ್ಲದೆ ಬದಲಾಗುತ್ತಿದ್ದರೆ ರ‍್ಯಾಮ್, ವಿದ್ಯುತ್ ಅಥವಾ ಪ್ರೊಸೆಸರ್ ಕಡೆಗೆ ತಿರುಗಬೇಕು, ಏಕೆಂದರೆ ಕೆಟ್ಟ ರ‍್ಯಾಮ್ ತನ್ನ ಮೇಲೆ ಕುಳಿತ ಯಾವ ತಂತ್ರಾಂಶವನ್ನಾದರೂ ಕೆಡವಬಲ್ಲದು.

ಡ್ರೈವರ್ ಮತ್ತು ಇತ್ತೀಚಿನ ಬದಲಾವಣೆ

ಶುರುವಾಗುವ ಮುನ್ನ ಏನು ಬದಲಾಯಿತು ಎಂಬುದು ಮೊದಲ ಪ್ರಶ್ನೆ: ವಿಂಡೋಸ್ ಅಪ್‌ಡೇಟ್, ಹೊಸ ಪ್ರಿಂಟರ್, ಯುಎಸ್‌ಬಿ ವೈಫೈ ಡಾಂಗಲ್, ಎರಡನೇ ಆಂಟಿವೈರಸ್, ಹೊಸ ಗೇಮ್‌ನ ಜೊತೆ ಬಂದ ಮೋಸ ತಡೆಯುವ ತಂತ್ರಾಂಶ. ಆಂಟಿವೈರಸ್ ಮತ್ತು ಇಂಥ ಗೇಮ್ ಕಾವಲು ತಂತ್ರಾಂಶಗಳು ಕರ್ನಲ್ ವಲಯದಲ್ಲಿ ಡ್ರೈವರ್ ಇಡುತ್ತವೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಆಯಾ ಭಾಗದ ಮೇಲೆ ಒತ್ತಿ ‘ರೋಲ್ ಬ್ಯಾಕ್ ಡ್ರೈವರ್’ ಆರಿಸಿದರೆ ಹಿಂದಿನ ಆವೃತ್ತಿಗೆ ಮರಳಬಹುದು. ಹೊಸ ಡ್ರೈವರ್ ಬೇಕಾದರೆ ಮದರ್‌ಬೋರ್ಡ್ ಅಥವಾ ಗ್ರಾಫಿಕ್ಸ್ ಕಾರ್ಡ್ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎನ್ನುವ ತಂತ್ರಾಂಶಗಳಿಂದ ದೂರವಿರುವುದೇ ಲೇಸು.

ಯಂತ್ರವನ್ನು ‘ಸೇಫ್ ಮೋಡ್’ನಲ್ಲಿ ಓಡಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಅಲ್ಲಿಗೆ ಹೋಗುವ ಆಯ್ಕೆಗಳು ಬರುತ್ತವೆ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಅಗತ್ಯವಾದ ಕೆಲವೇ ಡ್ರೈವರ್‌ಗಳನ್ನು ಬಳಸುತ್ತದೆ. ಅಲ್ಲಿ ಗಂಟೆಗಟ್ಟಲೆ ಗಟ್ಟಿಯಾಗಿ ನಿಂತು, ಹೊರಬಂದ ಕೂಡಲೇ ಕುಸಿದರೆ ಡ್ರೈವರಿನ ಮೇಲಿನ ಸಂಶಯ ಬಲವಾಗುತ್ತದೆ. ಸೇಫ್ ಮೋಡ್‌ನಲ್ಲೂ ಕುಸಿದರೆ ಯಂತ್ರಾಂಶದ ಕಡೆ ನೋಡಬೇಕು. ವಿಂಡೋಸ್‌ನದೇ ಕಡತಗಳು ಕೆಟ್ಟಿವೆಯೇ ಎಂದು ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಐಎಸ್‌ಎಂ, ಆಮೇಲೆ ಎಸ್‌ಎಫ್‌ಸಿ ಎಂಬ ಎರಡು ಆದೇಶಗಳಿವೆ. ಇವುಗಳಿಂದ ಕೆಡುಕೇನೂ ಇಲ್ಲ.

ರ‍್ಯಾಮ್: ಕೈಯಿಂದಲೇ ಮಾಡಬಹುದಾದ ಪರೀಕ್ಷೆ

ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಎಂಬ ಪರೀಕ್ಷೆ ಯಂತ್ರದಲ್ಲೇ ಇದೆ, ಆದರೆ ಅದರ ಸಾಮಾನ್ಯ ಪರೀಕ್ಷೆ ಚುಟುಕಾದದ್ದು. ‘ದೋಷವಿಲ್ಲ’ ಎಂದು ಅದು ಹೇಳಿದರೆ ಪೂರ್ತಿ ನಂಬುವ ಹಾಗಿಲ್ಲ, ದೋಷವಿದೆ ಎಂದರೆ ಮಾತ್ರ ನಂಬಬೇಕು. ಮೆಮ್‌ಟೆಸ್ಟ್86 ಎಂಬುದನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಯಂತ್ರ ಚಾಲೂ ಮಾಡಿ, ರಾತ್ರಿಯಿಡೀ ಓಡಲು ಬಿಡುವುದು ಹೆಚ್ಚು ಭರವಸೆಯ ಮಾರ್ಗ. ಇದರ ಉಚಿತ ಆವೃತ್ತಿ ಇಡೀ ಮೆಮೊರಿಯನ್ನು ನಾಲ್ಕು ಸುತ್ತು ಪರೀಕ್ಷಿಸುತ್ತದೆ. ಬೆಳಿಗ್ಗೆ ಕೆಂಪು ಅಕ್ಷರದಲ್ಲಿ ಒಂದೇ ಒಂದು ದೋಷ ಕಂಡರೂ ಅದನ್ನು ಕಡೆಗಣಿಸುವಂತಿಲ್ಲ.

ರ‍್ಯಾಮ್ ಕೆಟ್ಟಿದೆ ಎಂದು ಎಸೆಯುವ ಮುನ್ನ ಅದನ್ನು ಬಿಚ್ಚಿ ಮತ್ತೆ ಕೂರಿಸಿ ನೋಡಬೇಕು. ಯಂತ್ರವನ್ನು ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಪಕ್ಕದ ತಗಡನ್ನು ತೆಗೆದು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡ ಮೇಲೆ ರ‍್ಯಾಮ್ ಪಟ್ಟಿಯ ಕೊನೆಯಲ್ಲಿರುವ ಕ್ಲಿಪ್‌ಗಳನ್ನು ಹೊರಕ್ಕೆ ಒತ್ತಬೇಕು. ಪಟ್ಟಿ ತಾನಾಗಿ ಮೇಲೇಳುತ್ತದೆ. ಅದರ ಅಂಚನ್ನಷ್ಟೇ ಹಿಡಿದು, ಚಿನ್ನದ ಬಣ್ಣದ ಸಂಪರ್ಕಗಳ ಮೇಲೆ ಮಸಕು ಪದರ ಇದ್ದರೆ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿ ಉಳಿಯದಂತೆ ಒಣ ಬ್ರಷ್‌ನಿಂದ ಒರೆಸಬೇಕು. ಮತ್ತೆ ಕೂರಿಸುವಾಗ ಪಟ್ಟಿಯಲ್ಲಿರುವ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದಬೇಕು, ಎರಡೂ ತುದಿಗಳನ್ನು ಸಮವಾಗಿ ಒತ್ತಿದಾಗ ಕ್ಲಿಪ್ ‘ಟಕ್’ ಎಂದು ಮುಚ್ಚಿಕೊಳ್ಳಬೇಕು. ಒಂದು ತುದಿ ಕೂದಲೆಳೆಯಷ್ಟು ಮೇಲಿದ್ದರೂ ಯಂತ್ರ ಚಾಲೂ ಆಗಿ, ಆಮೇಲೆ ನೆಪವಿಲ್ಲದೆ ಕುಸಿಯುತ್ತಿರಬಹುದು.

ಎರಡು ಪಟ್ಟಿಗಳಿದ್ದರೆ ಒಂದನ್ನು ಹೊರಗಿಟ್ಟು ಕೆಲವು ದಿನ ಓಡಿಸಬೇಕು, ನಂತರ ಅದನ್ನು ತೆಗೆದು ಇನ್ನೊಂದನ್ನು ಅದೇ ಸ್ಲಾಟಿನಲ್ಲಿ ಹಾಕಿ ನೋಡಬೇಕು. ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಕುಸಿದರೆ ದೋಷಿ ಸಿಕ್ಕಿತು. ಎರಡೂ ಪಟ್ಟಿಗಳು ಅದೇ ಸ್ಲಾಟಿನಲ್ಲಿ ಕುಸಿದು ಬೇರೆ ಸ್ಲಾಟಿನಲ್ಲಿ ಸರಿಯಾಗಿ ಓಡಿದರೆ ಮದರ್‌ಬೋರ್ಡಿನ ಸ್ಲಾಟ್ ಕೆಟ್ಟಿದೆ. ಇದಕ್ಕೂ ಮೊದಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಎಂಡಿ ಯಂತ್ರಗಳಲ್ಲಿ ಎಕ್ಸ್‌ಪೋ ಎಂಬ ಆಯ್ಕೆ ಚಾಲೂ ಇದೆಯೇ ನೋಡಬೇಕು. ಇದು ರ‍್ಯಾಮನ್ನು ಅದರ ಮೂಲ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್. ಪೆಟ್ಟಿಗೆಯ ಮೇಲೆ 3200 ಎಂದು ಅಚ್ಚಾಗಿದ್ದರೂ ಎಲ್ಲ ಮದರ್‌ಬೋರ್ಡುಗಳೂ ಅದನ್ನು ತಾಳಿಕೊಳ್ಳುತ್ತವೆ ಎಂದೇನೂ ಇಲ್ಲ. ಅದನ್ನು ಆಫ್ ಮಾಡಿದ ಮೇಲೆ ಕುಸಿತ ನಿಂತರೆ ಒಂದು ರೂಪಾಯಿಯೂ ಖರ್ಚಾಗದೆ ಸಮಸ್ಯೆ ಮುಗಿಯಿತು. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ವೇಗದ ಎರಡು ಪಟ್ಟಿಗಳನ್ನು ಜೊತೆ ಮಾಡಿದಲ್ಲಿ ಈ ತೊಂದರೆ ಹೆಚ್ಚು.

ಬಿಸಿ ಮತ್ತು ಧೂಳು

ಇಂದಿನ ಪ್ರೊಸೆಸರ್‌ಗಳು ಬಿಸಿ ಏರಿದಾಗ ಮೊದಲು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ, ಆಗಲೂ ತಣಿಯದಿದ್ದರೆ ಯಂತ್ರ ಥಟ್ಟನೆ ಆಫ್ ಆಗುತ್ತದೆ. ಹಾಗಾಗಿ ಬಿಸಿಯೊಂದೇ ಕಾರಣವಾದರೆ ನೀಲಿ ಪರದೆಗಿಂತ ದಿಢೀರ್ ಕತ್ತಲೆಯೇ ಹೆಚ್ಚು. ಆದರೆ ಅಂಚಿನಲ್ಲಿರುವ ರ‍್ಯಾಮ್ ಅಥವಾ ಗ್ರಾಫಿಕ್ಸ್ ಕಾರ್ಡ್ ಬಿಸಿಯಲ್ಲಿ ತಪ್ಪು ಮಾಡತೊಡಗುತ್ತದೆ. ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರಿನ ಉಷ್ಣಾಂಶ ಕಾಣುತ್ತದೆ. ಬರೀ ಬ್ರೌಸರ್ ತೆರೆದಿಟ್ಟಾಗಲೇ ಅದು 80 ಡಿಗ್ರಿ ದಾಟುತ್ತಿದ್ದರೆ ತಂಪುಗೊಳಿಸುವ ವ್ಯವಸ್ಥೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬರೀ ಫ್ಯಾನ್ ಇರುವ ಕ್ಯಾಬಿನೆಟ್ ಕೋಣೆಯ ಗಾಳಿಗಿಂತ ತಂಪಾಗಿರಲು ಸಾಧ್ಯವಿಲ್ಲ, ಆದ್ದರಿಂದ ‘ತಂಪು ಊರು’ ಎಂಬ ನಂಬಿಕೆಯಲ್ಲಿ ಮೇಜಿನ ಕೆಳಗಿನ ಮುಚ್ಚಿದ ಗೂಡಿನಲ್ಲಿ ಅದನ್ನು ಇಡಬಾರದು. ರಸ್ತೆ ಅಗೆತ, ಮೆಟ್ರೊ ಕಾಮಗಾರಿ ಇರುವ ಬಡಾವಣೆಗಳಲ್ಲಿ ಕೆಲವೇ ತಿಂಗಳಲ್ಲಿ ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕಿನ ಸಂದುಗಳು ಧೂಳಿನಿಂದ ಮುಚ್ಚಿಹೋಗುತ್ತವೆ. ಬ್ಲೋವರ್‌ನಿಂದ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಬೇಕು.

ವಿದ್ಯುತ್, ಯುಪಿಎಸ್, ಇನ್ವರ್ಟರ್

ಬಗ್‌ಚೆಕ್ ಕೋಡ್ ಸೊನ್ನೆಯಾಗಿದ್ದವರು ಗಮನಿಸಬೇಕಾದ ಭಾಗ ಇದು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ವಿದ್ಯುತ್ ಹೋಗಿ ಬರುವುದು ಇಲ್ಲಿ ಪ್ರತಿ ವರ್ಷದ ಮಾತು. ಗೋಡೆಯಿಂದ ಬರುವ 230 ವೋಲ್ಟ್‌ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟ್‌ಗಳಿಗೆ ಇಳಿಸುವ ಪೆಟ್ಟಿಗೆ ಎಸ್‌ಎಂಪಿಎಸ್. ಹೊರಗಿನ ವಿದ್ಯುತ್ ಕಡಿದರೆ ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಕಾಲ ಯಂತ್ರವನ್ನು ಹಿಡಿದಿಡಬಲ್ಲದು, ಅದಕ್ಕಿಂತ ತುಂಬ ಹೆಚ್ಚಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಇದಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡರೆ ಫ್ಯಾನು, ದೀಪಗಳಿಗೆ ಏನೂ ಆಗದಿದ್ದರೂ ಕಂಪ್ಯೂಟರ್ ಮರುಪ್ರಾರಂಭವಾಗುತ್ತದೆ. ಹಲವು ಇನ್ವರ್ಟರ್‌ಗಳಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಬದಲಾವಣೆ ಬೇಗ ಆಗುತ್ತದೆ.

ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಸುಮಾರು 360 ವಾಟ್ ಹೊರೆಯನ್ನಷ್ಟೇ ಹೊರಬಲ್ಲದು. ಆಮೇಲೆ ಹಾಕಿಸಿದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಈ ಲೆಕ್ಕವನ್ನು ತಪ್ಪಿಸಿರಬಹುದು. ಎರಡು ಮೂರು ವರ್ಷ ಕಳೆದ ಯುಪಿಎಸ್ ಬ್ಯಾಟರಿ ಹಸಿರು ದೀಪ ತೋರಿಸುತ್ತಲೇ ಕೈಕೊಡಬಲ್ಲದು. ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಮಾತ್ರ ಯಂತ್ರ ನಿಲ್ಲುತ್ತಿದ್ದರೆ ಎಸ್‌ಎಂಪಿಎಸ್ ಸಾಲದಾಗಿರುವ ಸಾಧ್ಯತೆಯನ್ನು ನೋಡಬೇಕು. ಪರಿಚಯದವರ ಬಳಿ ಸಾಕಷ್ಟು ವಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಇದ್ದರೆ ಒಂದು ದಿನ ಹಾಕಿ ನೋಡುವುದಕ್ಕಿಂತ ನಂಬಲರ್ಹ ಪರೀಕ್ಷೆ ಮನೆಯಲ್ಲಿ ಮತ್ತೊಂದಿಲ್ಲ. ಆದರೆ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಪ್ರಾಣಕ್ಕೆ ಕುತ್ತು ತರುವಷ್ಟು ವಿದ್ಯುತ್ ಉಳಿದಿರಬಹುದು. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಆ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇಲ್ಲವೆಂದು ಶಂಕಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.

ಡಿಸ್ಕ್ ಮತ್ತು ಪ್ರೊಸೆಸರ್

122ರ ಕೋಡ್ ಬರುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯವನ್ನು ನೋಡಬಹುದು. ‘ಕಾಷನ್’ ಅಥವಾ ‘ಬ್ಯಾಡ್’ ಎಂದು ತೋರಿಸಿದರೆ ರಿಪೇರಿಯ ಯೋಚನೆ ಬಿಟ್ಟು ಡಿಸ್ಕ್ ಬದಲಿಸುವುದೇ ಸರಿ. ಹಾರ್ಡ್‌ಡಿಸ್ಕ್ ಅಥವಾ ಸಾಟಾ ಎಸ್‌ಎಸ್‌ಡಿ ಇದ್ದರೆ ಅದಕ್ಕೆ ಮೊದಲು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಬೇಕು. ಸಡಿಲವಾದ ಕೇಬಲ್ ಕೂಡ ಇದೇ ಕೋಡ್ ತರುತ್ತದೆ.

ಪ್ರೊಸೆಸರ್ ಕೆಡುವುದು ಅಪರೂಪ. ಆದರೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವಿಷಯದಲ್ಲಿ 2024ರಲ್ಲಿ ಕಂಪನಿಯೇ ಒಂದು ದೋಷವನ್ನು ಒಪ್ಪಿಕೊಂಡಿತು: ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಪಡೆದು ಅವು ಕ್ರಮೇಣ ಅಸ್ಥಿರವಾಗುತ್ತಿದ್ದವು. ಅದೇ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಪರಿಹಾರದ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಆದೇಶಗಳ ತಿದ್ದುಪಡಿ) ಹೊರಬಂದಿತು, ವಾರಂಟಿ 2 ವರ್ಷ ವಿಸ್ತರಣೆಯಾಯಿತು. ಈ ಪರಿಹಾರ ಮದರ್‌ಬೋರ್ಡಿನ ಬಯೋಸ್ ಅಪ್‌ಡೇಟ್ ಮೂಲಕ ಬರುತ್ತದೆ, ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಹಾಳಾದ ಪ್ರೊಸೆಸರನ್ನು ಸರಿಪಡಿಸುವುದಿಲ್ಲ. ಈ ತಲೆಮಾರಿನ ಯಂತ್ರ ಇರುವವರು ಬಯೋಸ್‌ನ ದಿನಾಂಕವನ್ನು ಇಂದೇ ನೋಡಿಕೊಳ್ಳುವುದು ಉಚಿತ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮೇಲಿನ ಪರೀಕ್ಷೆಗಳನ್ನೆಲ್ಲ ಒಂದೇ ಸಂಜೆ ಮಾಡಿ ಮುಗಿಸುವ ಆಸೆ ಸಹಜ. ಆದರೆ ರ‍್ಯಾಮ್ ಬಿಚ್ಚಿ ಕೂರಿಸಿ, ಡ್ರೈವರ್ ಬದಲಿಸಿ, ಬಯೋಸ್ ಅಪ್‌ಡೇಟನ್ನೂ ಒಟ್ಟಿಗೇ ಮಾಡಿದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯದೇ ಹೋಗುತ್ತದೆ, ಹೊಸ ತೊಂದರೆ ಬಂದರೆ ಯಾವುದರಿಂದ ಬಂತು ಎಂಬುದೂ ತಿಳಿಯುವುದಿಲ್ಲ. ಒಂದನ್ನು ಬದಲಿಸಿ, ದಿನಾಂಕ ಬರೆದಿಟ್ಟು, ಮೊದಲು ಎಷ್ಟು ದಿನಕ್ಕೊಮ್ಮೆ ಕುಸಿಯುತ್ತಿತ್ತೋ ಅದರ ಮೂರರಷ್ಟು ದಿನವಾದರೂ ಕಾಯಬೇಕು. ವಾರಕ್ಕೊಮ್ಮೆ ಕುಸಿಯುತ್ತಿದ್ದ ಯಂತ್ರ ಎರಡು ದಿನ ಸುಮ್ಮನಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಬೇರೆಯವರ ನೆರವು ಪಡೆಯುವಾಗ

ಬ್ರೌಸರಿನೊಳಗೆ ನೀಲಿ ಪುಟವೊಂದು ತೆರೆದುಕೊಂಡು, ಜೋರು ಸದ್ದು ಮಾಡುತ್ತ, ‘ಈ ನಂಬರಿಗೆ ಕರೆ ಮಾಡಿ’ ಎಂದರೆ ಅದು ವಂಚಕರ ಜಾಲತಾಣ. ನಿಜವಾದ ನೀಲಿ ಪರದೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿದರೆ ಅದು ಹೋಗುತ್ತದೆ. ಆ ನಂಬರಿಗೆ ಕರೆ ಮಾಡಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಯಂತ್ರವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೋ ಬಡಾವಣೆಯ ರಿಪೇರಿಯವರಿಗೋ ಕೊಡುವುದಾದರೆ ಬರೀ ‘ನೀಲಿ ಪರದೆ ಬರುತ್ತಿದೆ’ ಎನ್ನುವ ಬದಲು ಸ್ಟಾಪ್ ಕೋಡ್‌ಗಳ ಫೋಟೊ, ಅವು ಬಂದ ದಿನಾಂಕ, ಆ ವೇಳೆ ಮಾಡುತ್ತಿದ್ದ ಕೆಲಸ, ಈಗಾಗಲೇ ಮಾಡಿದ ಪರೀಕ್ಷೆಗಳ ಫಲಿತಾಂಶ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅವರ ಸಮಯವೂ ಉಳಿಯುತ್ತದೆ, ಅನಗತ್ಯವಾಗಿ ಭಾಗ ಬದಲಿಸುವ ಖರ್ಚೂ ಉಳಿಯುತ್ತದೆ. ಮನೆಯಲ್ಲಿ ಪ್ರತಿದಿನ ಕುಸಿಯುವ ಯಂತ್ರ ಅಂಗಡಿಯಲ್ಲಿ ಮೂರು ದಿನ ಸರಾಗವಾಗಿ ಓಡಿದರೆ ಅದೂ ಒಂದು ಸುಳಿವೇ: ಮನೆಯ ಪ್ಲಗ್ ಪಾಯಿಂಟ್, ಯುಪಿಎಸ್ ಅಥವಾ ಅಲ್ಲಿ ಮಾತ್ರ ಜೋಡಿಸುವ ಯುಎಸ್‌ಬಿ ಸಾಧನಗಳನ್ನು ಆಗ ನೋಡಬೇಕು. ಫಾರ್ಮ್ಯಾಟ್ ಮಾಡಲೇಬೇಕೆಂದರೆ, ಅದಕ್ಕೆ ಮುನ್ನ ಮಿನಿಡಂಪ್ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಡಲು ಹೇಳಬೇಕು. ರ‍್ಯಾಮ್, ಎಸ್‌ಎಂಪಿಎಸ್, ಎಸ್‌ಎಸ್‌ಡಿಗಳಿಗೆ ಹಲವು ವರ್ಷಗಳ ವಾರಂಟಿ ಇರುವುದು ಸಾಮಾನ್ಯವಾದ್ದರಿಂದ ಯಾವ ಭಾಗ ಕೆಟ್ಟಿದೆ ಎಂದು ತಿಳಿದ ಕೂಡಲೇ ಅದರ ಬಿಲ್ ಹುಡುಕಿ, ಭಾಗದ ಮೇಲಿನ ಸೀರಿಯಲ್ ನಂಬರಿನ ಚೀಟಿಯ ಫೋಟೊ ಮತ್ತು ಮೆಮ್‌ಟೆಸ್ಟ್‌ನ ಕೆಂಪು ಸಾಲುಗಳ ಫೋಟೊ ಎರಡನ್ನೂ ಇಟ್ಟುಕೊಳ್ಳಬೇಕು. ಬದಲಿ ಭಾಗ ಕೇಳುವಾಗ ಮೊದಲು ಕೇಳುವ ಪುರಾವೆಗಳು ಇವೇ.